ಫಾರ್ಮ್ಯಾಟ್ ಮಾಡುವ ಮುನ್ನ

ದೊಡ್ಡಬಳ್ಳಾಪುರದಿಂದ ದಾಬಸ್‌ಪೇಟೆಗೆ ಹೋಗುವ ಹೆದ್ದಾರಿಯಲ್ಲಿ ಸಿಗುತ್ತದೆ ದೊಡ್ಡಬೆಳವಂಗಲ. ಹೋಬಳಿ ಕೇಂದ್ರ. ಪಹಣಿಗೆ, ಜಾತಿ-ಆದಾಯ ಪ್ರಮಾಣಪತ್ರಕ್ಕೆ ಸುತ್ತಲ ಹಳ್ಳಿಯವರು ನಾಡಕಚೇರಿಗೆ ಬಂದು ಹೋಗುವ ಊರು. ಇದೇ ರಸ್ತೆ ಮುಂದೆ ಹೋಗಿ ತುಮಕೂರು ಹೆದ್ದಾರಿ ಸೇರುವಲ್ಲಿ ದಾಬಸ್‌ಪೇಟೆ ಕೈಗಾರಿಕಾ ಪ್ರದೇಶವಿದೆ. ಅಲ್ಲಿ 2005ರಲ್ಲಿ ಪಿ. ಪಾರ್ಥಸಾರಥಿಯವರು ಆರಂಭಿಸಿದ ‘ಇ-ಪರಿಸರ’ ದೇಶದಲ್ಲೇ ಸರ್ಕಾರದ ಅನುಮತಿ ಪಡೆದ ಮೊದಲ ಇ-ತ್ಯಾಜ್ಯ ಸಂಸ್ಕರಣಾ ಘಟಕ. ಕೆಟ್ಟ ಕಂಪ್ಯೂಟರುಗಳನ್ನು ಬಿಚ್ಚಿ ತಾಮ್ರ, ಅಲ್ಯೂಮಿನಿಯಂ, ಚೂರುಪಾರು ಬೆಳ್ಳಿ-ಬಂಗಾರವನ್ನು ಅಲ್ಲಿ ಬೇರ್ಪಡಿಸುತ್ತಾರೆ. ಕೆಟ್ಟ ಯಂತ್ರಕ್ಕೆ ಅದು ಸರಿಯಾದ ಕೊನೆ. ಆದರೆ ಗುಜರಿಗೆ ಹೊರಟ ಲ್ಯಾಪ್‌ಟಾಪುಗಳಲ್ಲಿ ನಿಜಕ್ಕೂ ಕೆಟ್ಟಿರುವುದು ಎಷ್ಟು, ಆಪರೇಟಿಂಗ್ ಸಿಸ್ಟಂ ಹದಗೆಟ್ಟು ಸುಮ್ಮನೆ ಬಿದ್ದಿರುವುದು ಎಷ್ಟು ಎಂದು ಯಾರೂ ತೆರೆದು ನೋಡುವುದಿಲ್ಲ.

ಈ ಭಾಗದ ಮನೆಗಳಲ್ಲಿ ಬೀರುವಿನ ಮೇಲೆ ಲ್ಯಾಪ್‌ಟಾಪ್ ಇರುವುದು ಈಗ ವಿಶೇಷವೇನಲ್ಲ. 2020ರಲ್ಲಿ ರಾಜ್ಯ ಸರ್ಕಾರ ಸರ್ಕಾರಿ ಪ್ರಥಮ ದರ್ಜೆ ಕಾಲೇಜುಗಳ ಮೊದಲ ವರ್ಷದ ವಿದ್ಯಾರ್ಥಿಗಳಿಗೆ ಒಂದು ಲಕ್ಷಕ್ಕೂ ಹೆಚ್ಚು ಲ್ಯಾಪ್‌ಟಾಪ್ ಹಂಚಲು ಹೊರಟಿತು. ಅದಕ್ಕೂ ಹಿಂದೆ ಪರಿಶಿಷ್ಟ ಜಾತಿ, ಪಂಗಡದ ಮಕ್ಕಳಿಗೆ ಕೊಟ್ಟಿತ್ತು. ಕೊರೊನಾ ಕಾಲದಲ್ಲಿ ಆನ್‌ಲೈನ್ ಪಾಠಕ್ಕೆಂದು ಸಾಲ ಮಾಡಿ ಕೊಂಡವರಿದ್ದಾರೆ. ಓದು ಮುಗಿಯಿತು, ಹುಡುಗ ದೊಡ್ಡಬಳ್ಳಾಪುರದ ಅಪೆರಲ್ ಪಾರ್ಕಿನಲ್ಲೋ ದೇವನಹಳ್ಳಿ ಕಡೆಯೋ ಕೆಲಸಕ್ಕೆ ಸೇರಿದ, ಲ್ಯಾಪ್‌ಟಾಪ್ ಮನೆಯಲ್ಲಿ ಉಳಿಯಿತು. ಕೇಳಿದರೆ ಒಂದೇ ಉತ್ತರ: “ಸ್ಲೋ ಆಗೈತೆ, ಹ್ಯಾಂಗ್ ಆಯ್ತದೆ.”

ಅದರ ಮೇಲೆ 2025ರ ಅಕ್ಟೋಬರ್ 14 ಬಂತು. 2015ರಲ್ಲಿ ಹೊರಬಂದ ವಿಂಡೋಸ್ 10ಕ್ಕೆ ಮೈಕ್ರೋಸಾಫ್ಟ್ ಅಂದಿಗೆ ಸಾಮಾನ್ಯ ಬೆಂಬಲ ನಿಲ್ಲಿಸಿತು. ಯಂತ್ರ ನಿಲ್ಲಲಿಲ್ಲ, ಮರುದಿನವೂ ಆನ್ ಆಯಿತು. ನಿಂತದ್ದು ತಿಂಗಳು ತಿಂಗಳು ಬರುತ್ತಿದ್ದ ಸುರಕ್ಷತಾ ಅಪ್‌ಡೇಟ್. ಹೆಸರು ನೋಂದಾಯಿಸಿದವರಿಗೆ 2026ರ ಅಕ್ಟೋಬರ್ 13ರವರೆಗೆ ಹೆಚ್ಚುವರಿ ಒಂದು ವರ್ಷದ ಅಪ್‌ಡೇಟ್ ಸಿಗುತ್ತದೆ. ಮೈಕ್ರೋಸಾಫ್ಟ್ ಖಾತೆಯಲ್ಲಿ ಲಾಗಿನ್ ಆಗಿ ಸೆಟ್ಟಿಂಗ್ಸ್ ಬ್ಯಾಕಪ್‌ಗೆ ಒಪ್ಪಿದರೆ ಹಣ ಕೊಡಬೇಕಿಲ್ಲ. ವಿಂಡೋಸ್ 11ಕ್ಕೆ ಹೋಗೋಣವೆಂದರೆ ಅದು ಟಿಪಿಎಂ 2.0 ಎಂಬ ಭದ್ರತಾ ಚಿಪ್ ಕೇಳುತ್ತದೆ. ಇಂಟೆಲ್ ಆದರೆ ಎಂಟನೇ ತಲೆಮಾರು ಅಥವಾ ಅದಕ್ಕಿಂತ ಹೊಸ ಪ್ರೊಸೆಸರ್ ಇರಬೇಕು ಎನ್ನುತ್ತದೆ. 2017ಕ್ಕೂ ಹಿಂದಿನ ಬಹುಪಾಲು ಲ್ಯಾಪ್‌ಟಾಪುಗಳು ಅಲ್ಲಿಗೆ ಹೊರಗುಳಿದವು. ಕೀಲಿಮಣೆ, ಪರದೆ, ಪ್ರೊಸೆಸರ್ ಎಲ್ಲ ನೆಟ್ಟಗಿದ್ದೂ ಅವು ‘ಹಳತು’ ಅನ್ನಿಸಿಕೊಂಡದ್ದು ಒಂದು ಕಂಪನಿಯ ಕ್ಯಾಲೆಂಡರಿನಿಂದ. ಇದನ್ನು ನಾವು ತಲೆಬಾಗಿ ಒಪ್ಪಿಕೊಳ್ಳಬೇಕಿಲ್ಲ.

ಮೊದಲು ಆ ‘ಸ್ಲೋ’ ಎಂಬ ದೂರನ್ನು ನೋಡೋಣ. ಆ ಕಾಲದ ಅಗ್ಗದ ಲ್ಯಾಪ್‌ಟಾಪ್ ಅಂದರೆ ಸಾಮಾನ್ಯವಾಗಿ 4 ಜಿಬಿ ರ್‍ಯಾಮ್, ನಿಮಿಷಕ್ಕೆ 5400 ಸುತ್ತು ತಿರುಗುವ ಹಾರ್ಡ್‌ಡಿಸ್ಕ್. ವಿಂಡೋಸ್ 10 ಹಿನ್ನೆಲೆಯಲ್ಲಿ ಸದಾ ಏನಾದರೂ ಮಾಡುತ್ತಿರುತ್ತದೆ: ಅಪ್‌ಡೇಟ್ ಹುಡುಕುತ್ತದೆ, ವೈರಸ್ ಪರೀಕ್ಷಿಸುತ್ತದೆ, ಫೈಲುಗಳ ಪಟ್ಟಿ ಮಾಡುತ್ತದೆ. ಬ್ರೌಸರಿನಲ್ಲಿ ನಾಲ್ಕು ಟ್ಯಾಬ್ ತೆರೆದರೆ ರ್‍ಯಾಮ್ ತುಂಬುತ್ತದೆ. ತುಂಬಿದ್ದನ್ನು ಡಿಸ್ಕಿಗೆ ಇಳಿಸಿ ಮತ್ತೆ ಎತ್ತಿಕೊಳ್ಳುವ ಕೆಲಸ ಶುರುವಾಗುತ್ತದೆ. ಚೂರುಚೂರಾಗಿ ಹರಡಿದ ಮಾಹಿತಿಯನ್ನು ಹೆಕ್ಕಲು ಹಾರ್ಡ್‌ಡಿಸ್ಕಿನ ಮುಳ್ಳು ಪ್ರತಿ ಸಲವೂ ಜಾಗ ಬದಲಿಸಬೇಕು. ಟಾಸ್ಕ್ ಮ್ಯಾನೇಜರಿನಲ್ಲಿ ‘ಡಿಸ್ಕ್ 100%’ ಎಂದು ಕೆಂಪಗೆ ಕಾಣುವುದು ಇದೇ. ಪ್ರೊಸೆಸರ್ ಆಗ ಬಹುತೇಕ ಖಾಲಿ ಕೂತಿರುತ್ತದೆ. ಅಂದರೆ ಯಂತ್ರಕ್ಕೆ ವಯಸ್ಸಾಗಿಲ್ಲ, ಒಂದು ಬಿಡಿಭಾಗ ಹಿಂದೆ ಬಿದ್ದಿದೆ. ಹಾರ್ಡ್‌ಡಿಸ್ಕ್ ತೆಗೆದು ಅದೇ ಜಾಗಕ್ಕೆ ಎರಡೂವರೆ ಇಂಚಿನ ಎಸ್‌ಎಸ್‌ಡಿ ಕೂರಿಸಿದರೆ ಇಷ್ಟು ದಿನ ಕಾಯಿಸುತ್ತಿದ್ದ ಯಂತ್ರ ಅರ್ಧ ನಿಮಿಷದೊಳಗೆ ತೆರೆದುಕೊಳ್ಳುತ್ತದೆ. ಬೆಂಗಳೂರಿನ ಎಸ್.ಪಿ. ರೋಡಿನಲ್ಲಿ, ಅಂದರೆ ಸಾದರ ಪತ್ರಪ್ಪ ರಸ್ತೆಯಲ್ಲಿ, ಎಸ್‌ಎಸ್‌ಡಿಯೂ ಹಳೆ ಮಾದರಿಗೆ ಹೊಂದುವ ರ್‍ಯಾಮೂ ಸಿಗುತ್ತವೆ. ಯಂತ್ರದ ಮಾದರಿ ಸಂಖ್ಯೆಯನ್ನು ತಳದ ಸ್ಟಿಕ್ಕರಿನಿಂದ ಫೋಟೊ ತೆಗೆದುಕೊಂಡು ಹೋದರೆ ಸಾಕು. ದೊಡ್ಡಬಳ್ಳಾಪುರದ ಕಡೆ ಇನ್ನೊಂದು ಮಾತು ಸೇರಿಸಬೇಕು. ವಿದ್ಯುತ್ ಮಗ್ಗ ಓಡುವ ಮನೆಯಲ್ಲಿ ನೂಲಿನ ಎಳೆ ಗಾಳಿಯಲ್ಲೇ ಇರುತ್ತದೆ. ಲ್ಯಾಪ್‌ಟಾಪಿನ ಫ್ಯಾನು ಅದನ್ನು ಒಳಗೆಳೆದು ಗಾಳಿ ಹೊರಹೋಗುವ ಸಂದಿಗೆ ಮೆತ್ತುತ್ತದೆ. ಬಿಸಿ ಏರಿದಾಗ ಪ್ರೊಸೆಸರ್ ತನ್ನ ವೇಗವನ್ನು ತಾನೇ ಇಳಿಸಿಕೊಳ್ಳುತ್ತದೆ. ಹಿಂಬದಿ ಬಿಚ್ಚಿ ಮೆತ್ತನೆ ಬ್ರಷ್‌ನಿಂದ ಆ ನಾರನ್ನು ತೆಗೆದರೆ ಅರ್ಧ ಕಾಯಿಲೆ ಅಲ್ಲೇ ವಾಸಿ.

ಜನ ಹೀಗೆ ಮಾಡುವುದಿಲ್ಲ. ಅಂಗಡಿಗೆ ಒಯ್ಯುತ್ತಾರೆ. ಅಲ್ಲಿನ ಮಾತುಕತೆ ಎಲ್ಲ ಕಡೆಯೂ ಹೆಚ್ಚುಕಡಿಮೆ ಒಂದೇ.

“ಫಾರ್ಮ್ಯಾಟ್ ಮಾಡ್ಬುಡ್ಲಾಣ್ಣ? ಸಿ ಡ್ರೈವಲ್ಲಿ ಏನಾದ್ರೂ ಐತಾ?”

“ಏನೂ ಇಲ್ಲ ಕಣಪ್ಪ, ಎಲ್ಲಾ ಡಿ ಡ್ರೈವಲ್ಲೇ ಐತೆ.”

ಈ ಎರಡು ಸಾಲಿನಲ್ಲಿ ಎಷ್ಟೋ ಮನೆಗಳ ದಾಖಲೆ ಕಳೆದುಹೋಗಿದೆ. ಡೆಸ್ಕ್‌ಟಾಪ್ ಮೇಲೆ ಕಣ್ಣಿಗೆ ಕಾಣುವಂತೆ ಇಟ್ಟ ಫೈಲ್ ಇರುವುದು ಸಿ ಡ್ರೈವಿನಲ್ಲಿ. ಡಾಕ್ಯುಮೆಂಟ್ಸ್, ಡೌನ್‌ಲೋಡ್ಸ್, ಪಿಕ್ಚರ್ಸ್ ಎಲ್ಲವೂ ಅಲ್ಲೇ. ಬ್ರೌಸರಿನಲ್ಲಿ ಉಳಿಸಿದ ಪಾಸ್‌ವರ್ಡ್, ಬುಕ್‌ಮಾರ್ಕ್ ಕೂಡ ಅಲ್ಲೇ. ಮದುವೆ ಫೋಟೊ, ಜಮೀನಿನ ಭಾಗಪತ್ರದ ಸ್ಕ್ಯಾನ್, ಅಂಕಪಟ್ಟಿ ಯಾವುದನ್ನೂ ಅಂಗಡಿಯ ಹುಡುಗ ಬೇಕೆಂದು ಅಳಿಸುವುದಿಲ್ಲ. ಅವನು ಕೇಳಿದ, ಇವರು ಇಲ್ಲ ಅಂದರು. ಆದ್ದರಿಂದ ಅಂಗಡಿಗೆ ಒಯ್ಯುವ ಮೊದಲು ಮನೆಯಲ್ಲೇ ಆಗಬೇಕಾದ ಕೆಲಸ, ಸಿ ಡ್ರೈವಿನ ಯೂಸರ್ಸ್ ಫೋಲ್ಡರಿನಲ್ಲಿ ನಿಮ್ಮ ಹೆಸರಿನ ಫೋಲ್ಡರನ್ನು ಇಡಿಯಾಗಿ ಹೊರಗಿನ ಡಿಸ್ಕಿಗೋ ದೊಡ್ಡ ಪೆನ್ ಡ್ರೈವಿಗೋ ನಕಲು ಮಾಡಿಕೊಳ್ಳುವುದು. ಮಾಡಿದ ಮೇಲೆ ಆ ಪೆನ್ ಡ್ರೈವನ್ನು ಬೇರೊಂದು ಕಂಪ್ಯೂಟರಿಗೆ ಹಾಕಿ ನಾಲ್ಕಾರು ಫೈಲ್ ತೆರೆದು ನೋಡಬೇಕು. ತೆರೆದು ನೋಡದ ಬ್ಯಾಕಪ್ಪನ್ನು ನಾನು ಬ್ಯಾಕಪ್ ಎಂದು ಕರೆಯುವುದಿಲ್ಲ.

ಕನ್ನಡದವರಿಗೆ ಇದರ ಜೊತೆ ಇನ್ನೊಂದು ಕಷ್ಟವಿದೆ. ನನಗೆ ಈ ಲೇಖನ ಬರೆಯಬೇಕೆನ್ನಿಸಿದ್ದೇ ಅದಕ್ಕಾಗಿ. ಕನ್ನಡ ಗಣಕ ಪರಿಷತ್ತು ರೂಪಿಸಿದ ನುಡಿ ತಂತ್ರಾಂಶವನ್ನು ಸರ್ಕಾರಿ ಕಚೇರಿಗಳೂ ಡಿಟಿಪಿ ಅಂಗಡಿಗಳೂ ಶಾಲೆಗಳೂ ಎರಡು ದಶಕಕ್ಕೂ ಹೆಚ್ಚು ಕಾಲದಿಂದ ಬಳಸುತ್ತಿವೆ. ‘ನುಡಿ 01 ಇ’ ಫಾಂಟಿನಲ್ಲಿ ಟೈಪ್ ಮಾಡಿದ ಅರ್ಜಿ, ಸಂಘದ ನಡಾವಳಿ, ದೇವಸ್ಥಾನದ ಲೆಕ್ಕ, ಹರಿಕಥೆಯ ಹಸ್ತಪ್ರತಿ ಊರೂರಲ್ಲಿ ಇವೆ. ಆ ಫೈಲಿನ ಒಳಗೆ ಇರುವುದು ಕನ್ನಡ ಅಕ್ಷರಗಳಲ್ಲ. ಇಂಗ್ಲಿಷ್ ಮತ್ತು ಯುರೋಪಿನ ಅಕ್ಷರಗಳಿಗೆ ಮೀಸಲಾದ ಸಂಕೇತಗಳು. ಅವುಗಳ ಮೇಲೆ ಕನ್ನಡದ ಆಕಾರ ಬಿಡಿಸಿ ತೋರಿಸುವುದು ಫಾಂಟು. ಫಾರ್ಮ್ಯಾಟ್ ಮಾಡಿದಾಗ ಸಿ ಡ್ರೈವಿನ ಜೊತೆ ಫಾಂಟೂ ಹೋಗುತ್ತದೆ. ಆಮೇಲೆ ಅದೇ ಫೈಲ್ ತೆರೆದರೆ ತಲೆಯ ಮೇಲೆ ಚುಕ್ಕಿ, ಗೆರೆ ಹೊತ್ತ ರೋಮನ್ ಅಕ್ಷರಗಳ ರಾಶಿ ಕಾಣುತ್ತದೆ. ವೈರಸ್ ಹೊಡೆದಿದೆ ಎಂದು ಎಷ್ಟೋ ಜನ ಅದನ್ನು ಅಳಿಸಿಬಿಡುತ್ತಾರೆ. ಫೈಲಿಗೆ ಏನೂ ಆಗಿರುವುದಿಲ್ಲ. ನುಡಿ ಫಾಂಟ್ ಮತ್ತೆ ಹಾಕಿದರೆ ಅಕ್ಷರ ವಾಪಸ್ ಬರುತ್ತದೆ.

ಹಾಗಾಗಿ ಫಾರ್ಮ್ಯಾಟಿಗೆ ಮುನ್ನ ವಿಂಡೋಸ್ ಫೋಲ್ಡರಿನ ಒಳಗಿರುವ ಫಾಂಟ್ಸ್ ಫೋಲ್ಡರಿನಿಂದ ನುಡಿ, ಬರಹ, ಶ್ರೀಲಿಪಿ ತಂತ್ರಾಂಶಗಳ ಫಾಂಟುಗಳನ್ನು ಎತ್ತಿಟ್ಟುಕೊಳ್ಳಿ. ಅದಕ್ಕಿಂತ ಒಳ್ಳೆಯದು ಆ ಹಳೆಯ ಫೈಲುಗಳನ್ನೇ ಯೂನಿಕೋಡಿಗೆ ಪರಿವರ್ತಿಸುವುದು. ರಾಜ್ಯ ಸರ್ಕಾರ ಕನ್ನಡಕ್ಕೆ ಯೂನಿಕೋಡನ್ನು ಅಧಿಕೃತ ಶಿಷ್ಟತೆಯಾಗಿ ಒಪ್ಪಿಕೊಂಡದ್ದು 2012ರಲ್ಲಿ. ಅದಕ್ಕೂ ಮೊದಲು ಬರೆದದ್ದೂ, ಅಭ್ಯಾಸಬಲದಿಂದ ಆಮೇಲೂ ಬರೆದದ್ದೂ ಹಳೆಯ ಸಂಕೇತದಲ್ಲೇ ಉಳಿದಿದೆ. ನುಡಿಯ ಜೊತೆಗೇ ಪರಿವರ್ತಕ ಬರುತ್ತದೆ. ಪರಿವರ್ತಿಸಿದ ಮೇಲೆ ಒತ್ತಕ್ಷರ, ಅರ್ಕಾವತ್ತು, ಅಂಕಿಗಳನ್ನು ಒಮ್ಮೆ ಕಣ್ಣಾಡಿಸಿ ನೋಡಿ, ತಪ್ಪುವುದು ಹೆಚ್ಚಾಗಿ ಅಲ್ಲೇ. ಯೂನಿಕೋಡಿಗೆ ಬಂದ ಬರಹ ಮುಂದೆ ಯಾವ ಯಂತ್ರಕ್ಕೆ ಹೋದರೂ, ಫೋನಿನಲ್ಲಿ ತೆರೆದರೂ ಕನ್ನಡವಾಗಿಯೇ ಕಾಣುತ್ತದೆ, ಹುಡುಕಿದರೆ ಸಿಗುತ್ತದೆ. ಯಂತ್ರವನ್ನು ಉಳಿಸುವುದು ಎರಡನೆಯದು. ಅದರೊಳಗಿನ ಕನ್ನಡ ಮೊದಲು ಉಳಿಯಬೇಕು.

ವಿಂಡೋಸನ್ನೇ ಮತ್ತೆ ಹಾಕುವುದಾದರೆ ಅಂಗಡಿಯ ನಕಲಿ ಪ್ರತಿ ಬೇಡ. ವಿಂಡೋಸ್ 8ರ ನಂತರ ಕಂಪನಿಯಿಂದಲೇ ವಿಂಡೋಸ್ ಹಾಕಿಕೊಂಡು ಬಂದ ಲ್ಯಾಪ್‌ಟಾಪುಗಳ ಲೈಸೆನ್ಸ್ ಕೀ ಮದರ್‌ಬೋರ್ಡಿನ ಚಿಪ್ಪಿನಲ್ಲೇ ಬರೆದಿರುತ್ತದೆ. ಮೈಕ್ರೋಸಾಫ್ಟಿನ ತಾಣದಿಂದ ಉಚಿತವಾಗಿ ಇಳಿಸಿಕೊಂಡು 8 ಜಿಬಿ ಪೆನ್ ಡ್ರೈವಿಗೆ ಬರೆದು ಅದೇ ಆವೃತ್ತಿ ಹಾಕಿದರೆ ಇಂಟರ್ನೆಟ್ ಸಿಕ್ಕೊಡನೆ ತಾನಾಗಿ ಆಕ್ಟಿವೇಟ್ ಆಗುತ್ತದೆ. ಮನೆಯವರಿಗೆ ಇದು ಗೊತ್ತಿಲ್ಲದೆ, ಈಗಾಗಲೇ ದುಡ್ಡು ಕೊಟ್ಟು ಕೊಂಡ ಅಸಲಿಯನ್ನು ಅಳಿಸಿ ‘ಕ್ರ್ಯಾಕ್’ ಮಾಡಿದ್ದನ್ನು ಹಾಕಿಸಿಕೊಂಡು ಅದಕ್ಕೂ ಹಣ ಕೊಡುತ್ತಾರೆ. ಆಕ್ಟಿವೇಟ್ ಮಾಡಲು ಓಡಿಸುವ ಆ ಪುಟ್ಟ ತಂತ್ರಾಂಶ ಕೆಲಸ ಮಾಡಬೇಕಾದರೆ ಆಂಟಿವೈರಸ್ ಆಫ್ ಮಾಡಬೇಕು. ಬ್ಯಾಂಕಿನ ವ್ಯವಹಾರ ಮಾಡುವ ಯಂತ್ರದಲ್ಲಿ ಅಷ್ಟು ದೊಡ್ಡ ಬಾಗಿಲನ್ನು ತೆರೆದಿಡಬಾರದು. ಜೊತೆಗೆ ಇನ್ನೊಂದು ಎಚ್ಚರ: ಕೆಲವು ಲ್ಯಾಪ್‌ಟಾಪುಗಳಲ್ಲಿ ಬಿಟ್‌ಲಾಕರ್ ತಾನಾಗಿಯೇ ಚಾಲೂ ಆಗಿರುತ್ತದೆ. ಬಯಾಸ್ ಸೆಟ್ಟಿಂಗ್ ಮುಟ್ಟಿದರೆ 48 ಅಂಕಿಯ ರಿಕವರಿ ಕೀ ಕೇಳುತ್ತದೆ. ಅದು ನಿಮ್ಮ ಮೈಕ್ರೋಸಾಫ್ಟ್ ಖಾತೆಯಲ್ಲಿ ಇರುತ್ತದೆ, ಮೊದಲೇ ಬರೆದಿಟ್ಟುಕೊಳ್ಳಿ.

ವಿಂಡೋಸ್ 11 ಒಲ್ಲದ ಯಂತ್ರಕ್ಕೆ ನನ್ನ ಆಯ್ಕೆ ಲಿನಕ್ಸ್. 1991ರಲ್ಲಿ ಫಿನ್‌ಲೆಂಡಿನ ವಿದ್ಯಾರ್ಥಿ ಲಿನಸ್ ಟೊರ್ವಾಲ್ಡ್ಸ್ ಶುರು ಮಾಡಿದ್ದು. ಇವತ್ತು ನಿಮ್ಮ ಆಂಡ್ರಾಯ್ಡ್ ಫೋನಿನ ಒಳಗೆ ಓಡುತ್ತಿರುವುದೂ ಅದೇ. ಅದರ ಹತ್ತಾರು ಬಗೆಗಳಲ್ಲಿ 4 ಜಿಬಿ ಯಂತ್ರಕ್ಕೆ ಲಿನಕ್ಸ್ ಮಿಂಟ್‌ನ ಎಕ್ಸ್‌ಎಫ್‌ಸಿಇ ಆವೃತ್ತಿ ಚೆನ್ನಾಗಿ ಹೊಂದುತ್ತದೆ. 2 ಜಿಬಿಯಲ್ಲೂ ಏಳುತ್ತದೆ, ಆದರೆ ಬ್ರೌಸರ್ ಒದ್ದಾಡುತ್ತದೆ. ಮಿಂಟ್ 22ರ ಸರಣಿಗೆ 2029ರವರೆಗೆ ಅಪ್‌ಡೇಟ್ ಇದೆ. ಬಹಳ ಹಳೆಯ 32 ಬಿಟ್ ಯಂತ್ರಗಳ ಕಥೆ ಬೇರೆ. 2025ರ ಆಗಸ್ಟಿನಲ್ಲಿ ಬಂದ ಡೆಬಿಯನ್ 13 ಅವುಗಳಿಗೆ ಇನ್‌ಸ್ಟಾಲರ್ ಕೊಡುವುದನ್ನೇ ನಿಲ್ಲಿಸಿತು. ಡೆಬಿಯನ್ 12 ಹಾಕಿ ಇನ್ನೂ ಕೆಲವು ಕಾಲ ತಳ್ಳಬಹುದು, ಅಷ್ಟೆ.

ಹಾಕುವ ಕ್ರಮ ಕಷ್ಟದ್ದಲ್ಲ. ಮೂರು ಜಿಬಿಯ ಸುಮಾರಿನ ಫೈಲ್ ಇಳಿಸಿಕೊಂಡು, ಅದು ಪೂರ್ತಿ ಬಂದಿದೆಯೇ ಎಂದು ಚೆಕ್‌ಸಮ್ ನೋಡಿ, ಪೆನ್ ಡ್ರೈವಿಗೆ ಬರೆಯುವುದು. ಹಳ್ಳಿಯ ನೆಟ್‌ವರ್ಕಿನಲ್ಲಿ ಡೌನ್‌ಲೋಡ್ ಅರ್ಧಕ್ಕೆ ಕಡಿದುಹೋಗುವುದು ಸಾಮಾನ್ಯವಾದ್ದರಿಂದ ಚೆಕ್‌ಸಮ್ ಬಿಡಬೇಡಿ. ಲ್ಯಾಪ್‌ಟಾಪ್ ಆನ್ ಮಾಡುತ್ತಲೇ ಎಫ್12 ಅಥವಾ ಎಫ್9 ಒತ್ತುತ್ತಾ ಹೋದರೆ ಎಲ್ಲಿಂದ ಬೂಟ್ ಆಗಬೇಕೆಂಬ ಪಟ್ಟಿ ಬರುತ್ತದೆ. ಪೆನ್ ಡ್ರೈವ್ ಆರಿಸಿದರೆ ಒಳಗಿನ ಡಿಸ್ಕನ್ನು ಮುಟ್ಟದೆಯೇ ಇಡೀ ಮಿಂಟ್ ತೆರೆದುಕೊಳ್ಳುತ್ತದೆ. ಇಲ್ಲಿ ಅವಸರ ಮಾಡಬಾರದು. ವೈಫೈ ಸಿಗುತ್ತದೆಯೇ, ಧ್ವನಿ ಬರುತ್ತದೆಯೇ, ಕ್ಯಾಮೆರಾ, ಟಚ್‌ಪ್ಯಾಡ್, ಮನೆಯ ಪ್ರಿಂಟರ್ ನಡೆಯುತ್ತವೆಯೇ ಎಂದು ಒಂದೊಂದಾಗಿ ನೋಡಿ. ವೈಫೈ ಸಿಗದಿದ್ದರೆ ಫೋನನ್ನು ಯುಎಸ್‌ಬಿ ಕೇಬಲಿನಲ್ಲಿ ಜೋಡಿಸಿ ಟೆದರಿಂಗ್ ಹಾಕಿ, ಡ್ರೈವರ್ ಮ್ಯಾನೇಜರಿನಿಂದ ಚಾಲಕ ತಂತ್ರಾಂಶ ಇಳಿಸಬಹುದು. ಎಲ್ಲ ಸರಿಯಿದ್ದರೆ ಮಾತ್ರ ‘ಇನ್‌ಸ್ಟಾಲ್’ ಒತ್ತಬೇಕು. ಡಿಸ್ಕ್ ಪೂರ್ತಿ ಅಳಿಸಬೇಕೇ ಎಂದು ಕೇಳುವ ಪುಟವೊಂದೇ ಇಡೀ ಕೆಲಸದಲ್ಲಿ ಅಪಾಯದ ಜಾಗ. ಅಲ್ಲಿ ಡಿಸ್ಕಿನ ಹೆಸರು, ಗಾತ್ರ ಓದಿ, ಅದು ಪೆನ್ ಡ್ರೈವೋ ಬ್ಯಾಕಪ್ ಡಿಸ್ಕೋ ಅಲ್ಲವೆಂದು ಖಾತ್ರಿ ಮಾಡಿಕೊಂಡೇ ಮುಂದೆ ಹೋಗಬೇಕು. ಬ್ಯಾಕಪ್ ಡಿಸ್ಕನ್ನು ಆ ಹೊತ್ತಿಗೆ ಕಳಚಿ ಇಟ್ಟಿರುವುದು ಇನ್ನೂ ಒಳ್ಳೆಯದು.

ಕನ್ನಡಕ್ಕೆ ಏನು ಗತಿ ಎಂದು ಕೇಳುವವರಿಗೆ: ಲಿನಕ್ಸಿನಲ್ಲಿ ಕನ್ನಡ ಹೊಸದೇನಲ್ಲ. ಲೋಹಿತ್, ಗುಬ್ಬಿ, ನವಿಲು, ನೋಟೊ ಫಾಂಟುಗಳಿವೆ. ಫೈರ್‌ಫಾಕ್ಸ್, ಲಿಬ್ರೆಆಫೀಸ್‌ಗಳಿಗೆ ಕನ್ನಡದ ಇಂಟರ್‌ಫೇಸೇ ಇದೆ, ಅನುವಾದಿಸಿದವರು ಸಂಬಳವಿಲ್ಲದೆ ರಾತ್ರಿ ಕೂತು ಮಾಡಿದ ಸ್ವಯಂಸೇವಕರು. ಕೀಲಿಮಣೆ ಸೆಟ್ಟಿಂಗಿಗೆ ಹೋಗಿ ಕನ್ನಡದ ಸಾಲಿನಲ್ಲಿ ‘ಕಗಪ’ ಆರಿಸಿ. ಕೆ.ಪಿ. ರಾವ್ ಅವರ ವಿನ್ಯಾಸ, ನುಡಿಯಲ್ಲಿ ಕಲಿತದ್ದೇ. ಡಿ, ಓ ಒತ್ತಿದರೆ ದೊ. ಡಬ್ಲ್ಯೂ, ಎಫ್, ಡಬ್ಲ್ಯೂ ಒತ್ತಿದರೆ ಡ್ಡ. ಬಿ, ಇ ಸೇರಿ ಬೆ. ಶಿಫ್ಟ್ ಹಿಡಿದು ಎಲ್, ಆಮೇಲೆ ವಿ, ಶಿಫ್ಟ್ ಹಿಡಿದು ಎಂ, ಜಿ, ಎಲ್. ಹನ್ನೆರಡು ಕೀಲಿಗೆ ‘ದೊಡ್ಡಬೆಳವಂಗಲ’ ಮೂಡುತ್ತದೆ, ಯೂನಿಕೋಡಿನಲ್ಲಿ. ಡಿಟಿಪಿ ಮಾಡಿ ಬೆರಳು ಪಳಗಿದವರಿಗೆ ಹೊಸದಾಗಿ ಕಲಿಯುವುದು ಏನೂ ಇರುವುದಿಲ್ಲ.

ಎಲ್ಲರಿಗೂ ಲಿನಕ್ಸ್ ಹಾಕಿಸಿ ಎಂದು ನಾನು ಹೇಳುವುದಿಲ್ಲ. ಗ್ರಾಮ ಒನ್ ಅಥವಾ ಸಾಮಾನ್ಯ ಸೇವಾ ಕೇಂದ್ರ ನಡೆಸುವವರ ಬೆರಳಚ್ಚು ಯಂತ್ರ, ಡಿಜಿಟಲ್ ಸಹಿಯ ಟೋಕನ್ ಬಹುಮಟ್ಟಿಗೆ ವಿಂಡೋಸಿಗೆಂದೇ ಮಾಡಿದ ಚಾಲಕ ತಂತ್ರಾಂಶ ಕೇಳುತ್ತವೆ. ಟ್ಯಾಲಿ, ಫೋಟೊಶಾಪ್ ಮೇಲೆ ಹೊಟ್ಟೆಪಾಡು ನಡೆಸುವವರೂ ಹಾಗೆಯೇ. ಅವರು ವಿಂಡೋಸಿನಲ್ಲೇ ಇರಲಿ, ಆ ಹೆಚ್ಚುವರಿ ವರ್ಷವನ್ನು ಬಳಸಿಕೊಂಡು ಮುಂದಿನ ಯಂತ್ರಕ್ಕೆ ತಯಾರಾಗಲಿ. ಓದುವ ಮಕ್ಕಳಿಗೆ, ಅರ್ಜಿ ಬರೆಯುವವರಿಗೆ, ಇಂಟರ್ನೆಟ್ ನೋಡುವವರಿಗೆ, ಪಾಠದ ವಿಡಿಯೊ ಕೇಳುವವರಿಗೆ ಲಿನಕ್ಸ್ ಧಾರಾಳವಾಗಿ ಸಾಕು.

ಸಾಕು ಎಂಬುದಕ್ಕೆ ಕಾಸರಗೋಡು ಸಾಕ್ಷಿ. ಕೇರಳದಲ್ಲಿ 2001ರಲ್ಲಿ ಆರಂಭವಾದ ‘ಐಟಿ ಅಟ್ ಸ್ಕೂಲ್’ ಯೋಜನೆ 2017ರಲ್ಲಿ ‘ಕೈಟ್’ ಎಂಬ ಸಂಸ್ಥೆಯಾಯಿತು. ಅಲ್ಲಿನ ಶಾಲೆಗಳ ಕಂಪ್ಯೂಟರುಗಳಲ್ಲಿ ಓಡುವುದು ಅವರೇ ಸಜ್ಜುಗೊಳಿಸಿದ ಲಿನಕ್ಸ್. ಮಂಜೇಶ್ವರ, ಕುಂಬಳೆ ಕಡೆಯ ಕನ್ನಡ ಮಾಧ್ಯಮದ ಮಕ್ಕಳು ಕನ್ನಡದಲ್ಲೇ ಅಚ್ಚಾದ ಐಟಿ ಪಠ್ಯಪುಸ್ತಕ ಓದಿ, ಹತ್ತನೇ ತರಗತಿಯ ಪ್ರಾಯೋಗಿಕ ಪರೀಕ್ಷೆಯನ್ನೂ ಲಿನಕ್ಸಿನಲ್ಲೇ ಬರೆಯುತ್ತಾರೆ. ನಮ್ಮಲ್ಲೂ ಪ್ರಯತ್ನ ಆಗದೇ ಇಲ್ಲ. ಬೆಂಗಳೂರಿನ ‘ಐಟಿ ಫಾರ್ ಚೇಂಜ್’ ಸಂಸ್ಥೆ ಡಿಎಸ್‌ಇಆರ್‌ಟಿ ಜೊತೆ ಸೇರಿ ನಡೆಸಿದ ವಿಷಯ ಶಿಕ್ಷಕರ ವೇದಿಕೆಯಲ್ಲಿ ಸರ್ಕಾರಿ ಪ್ರೌಢಶಾಲೆಯ ಮೇಷ್ಟ್ರುಗಳು ಉಬುಂಟು ಎಂಬ ಲಿನಕ್ಸ್ ಕಲಿತರು, ಕನ್ನಡದಲ್ಲಿ ಪಾಠದ ಸಾಮಗ್ರಿ ತಯಾರಿಸಿ ಹಂಚಿಕೊಂಡರು. ಕೇರಳದಲ್ಲಿ ಅದು ಪಠ್ಯವಾಯಿತು, ಪರೀಕ್ಷೆಯಾಯಿತು. ಇಲ್ಲಿ ತರಬೇತಿ ಪಡೆದ ಮೇಷ್ಟ್ರ ಉತ್ಸಾಹದ ಮೇಲೆ ನಿಂತಿತು. ವ್ಯತ್ಯಾಸ ಇರುವುದು ಅಷ್ಟರಲ್ಲೇ, ಮಕ್ಕಳ ಬುದ್ಧಿಯಲ್ಲಲ್ಲ.

ಹಾಕಿಸಿದ ಮೇಲಿನ ಆರೈಕೆ ದೊಡ್ಡದೇನಲ್ಲ, ತಪ್ಪಿಸಬಾರದು ಅಷ್ಟೆ. ಮಿಂಟಿನಲ್ಲಿ ಟೈಮ್‌ಶಿಫ್ಟ್ ಎಂಬ ಸೌಲಭ್ಯವಿದೆ. ಒಮ್ಮೆ ಹೊಂದಿಸಿಟ್ಟರೆ ವಾರಕ್ಕೊಮ್ಮೆ ಸಿಸ್ಟಮ್ಮಿನ ಸ್ಥಿತಿಯನ್ನು ಉಳಿಸಿಡುತ್ತದೆ, ಅಪ್‌ಡೇಟ್ ಕೈಕೊಟ್ಟರೆ ಹಿಂದಿನ ವಾರಕ್ಕೆ ಮರಳಬಹುದು. ಅದು ನಿಮ್ಮ ಫೋಟೊ, ಕಡತಗಳನ್ನು ಕಾಯುವುದಿಲ್ಲ, ಅವಕ್ಕೆ ಬೇರೆಯೇ ಬ್ಯಾಕಪ್ ಬೇಕು. ಡಿಸ್ಕಿನಲ್ಲಿ ಐದರಲ್ಲೊಂದು ಭಾಗವಾದರೂ ಖಾಲಿ ಬಿಡಿ. ಕರೆಂಟು ಹೋಗಿಬರುವ ಊರಿನಲ್ಲಿ ಬ್ಯಾಟರಿ ಸತ್ತ ಲ್ಯಾಪ್‌ಟಾಪನ್ನು ನೇರ ಪ್ಲಗ್ಗಿನಲ್ಲಿ ಓಡಿಸುತ್ತಿದ್ದರೆ, ಅಪ್‌ಡೇಟ್ ನಡುವೆ ಕರೆಂಟು ಹೋಗಿ ಸಿಸ್ಟಂ ಏಳದಂತಾಗಬಹುದು. ಯುಪಿಎಸ್ ಇರುವ ಹೊತ್ತಿನಲ್ಲೇ ಅಪ್‌ಡೇಟ್ ಹಾಕಿ. ಬ್ಯಾಟರಿ ಉಬ್ಬಿ ಟಚ್‌ಪ್ಯಾಡ್ ಮೇಲೆದ್ದಿದ್ದರೆ ಆವತ್ತೇ ಬಳಕೆ ನಿಲ್ಲಿಸಬೇಕು. ಬೆಂಕಿಯ ಅಪಾಯ ಅದು. ಪ್ರತಿ ಸಲ ಆನ್ ಮಾಡಿದಾಗ ದಿನಾಂಕ ಹಲವು ವರ್ಷ ಹಿಂದಕ್ಕೆ ಹೋಗಿ, ಯಾವ ಜಾಲತಾಣವೂ ತೆರೆಯದೆ ಸುರಕ್ಷಿತವಲ್ಲ ಎನ್ನುತ್ತಿದೆಯೇ? ಮದರ್‌ಬೋರ್ಡಿನ ಮೇಲಿನ ಪುಟ್ಟ ಬಿಲ್ಲೆಯಂಥ ಬ್ಯಾಟರಿ ಮುಗಿದಿದೆ. ಸಿಆರ್2032 ಎಂದು ಕೇಳಿದರೆ ಗಡಿಯಾರದ ಅಂಗಡಿಯಲ್ಲೂ ಸಿಗುತ್ತದೆ. ಕೆಲವು ಮಾದರಿಯಲ್ಲಿ ಅದಕ್ಕೆ ತಂತಿ ಬೆಸೆದಿರುತ್ತದೆ, ಬಿಚ್ಚಿ ನೋಡಿಯೇ ಕೊಳ್ಳಿ.

ಇದನ್ನೆಲ್ಲ ಹೋಬಳಿಯಲ್ಲಿ ಯಾರು ಮಾಡಿಕೊಡಬೇಕು? 2019ರಲ್ಲಿ ರಾಜ್ಯದ 5,600ಕ್ಕೂ ಹೆಚ್ಚು ಗ್ರಾಮ ಪಂಚಾಯಿತಿ ಗ್ರಂಥಾಲಯಗಳು ಗ್ರಾಮೀಣಾಭಿವೃದ್ಧಿ ಮತ್ತು ಪಂಚಾಯತ್ ರಾಜ್ ಇಲಾಖೆಗೆ ಬಂದವು, ಈಗ ಅವು ಅರಿವು ಕೇಂದ್ರಗಳು. ಎಷ್ಟೋ ಕಡೆ ಕಂಪ್ಯೂಟರಿದೆ, ಇಂಟರ್ನೆಟ್ಟಿದೆ, ಸಂಜೆ ಹೊತ್ತು ಮಕ್ಕಳಿರುತ್ತಾರೆ. ಅಲ್ಲಿ ಒಂದು ಸ್ಕ್ರೂಡ್ರೈವರ್ ಪೆಟ್ಟಿಗೆ, ಮಿಂಟ್ ಬರೆದ ಒಂದು ಪೆನ್ ಡ್ರೈವ್, ಬ್ಯಾಕಪ್ಪಿಗೆ ಒಂದು ಹೊರ ಡಿಸ್ಕ್, ನುಡಿ ಪರಿವರ್ತಕ ಇಟ್ಟರೆ ಸಾಕು. ಊರಿನ ಡಿಪ್ಲೊಮಾ, ಐಟಿಐ ಹುಡುಗ ಹುಡುಗಿಯರಿಗೆ ತಿಂಗಳಿಗೊಂದು ಭಾನುವಾರ ಅಲ್ಲಿ ಕೂರಲು ಪಂಚಾಯಿತಿ ಒಂದಿಷ್ಟು ಗೌರವಧನ ಕೊಡಲಿ. ಬೀರುವಿನ ಮೇಲಿನ ಲ್ಯಾಪ್‌ಟಾಪನ್ನು ಜನ ಅಲ್ಲಿಗೆ ತರಲಿ. ಎದ್ದು ನಿಂತದ್ದು ಮನೆಗೆ ವಾಪಸ್ ಹೋಗಲಿ, ಮನೆಗೆ ಬೇಡವಾದದ್ದು ಅರಿವು ಕೇಂದ್ರದ ಮೇಜಿನ ಮೇಲೆ ಮಕ್ಕಳಿಗೆ ಇರಲಿ. ಏನು ಮಾಡಿದರೂ ಏಳದ ಯಂತ್ರದಿಂದ ಡಿಸ್ಕ್ ಬಿಚ್ಚಿ ಮಾಲೀಕರ ಕೈಗೆ ಕೊಟ್ಟು, ಉಳಿದದ್ದನ್ನು ಒಟ್ಟಿಗೆ ಕಟ್ಟಿ ಅದೇ ರಸ್ತೆಯಲ್ಲಿ ದಾಬಸ್‌ಪೇಟೆಗೆ ಕಳಿಸಬಹುದು. ಅದಕ್ಕಿಂತ ಮೊದಲು ಪಂಚಾಯಿತಿ ತನ್ನದೇ ಕಂಪ್ಯೂಟರಿನಲ್ಲಿ ಉಳಿದಿರುವ ಹಳೆಯ ನುಡಿ ನಡಾವಳಿಗಳನ್ನು ಯೂನಿಕೋಡಿಗೆ ತರುವ ಕೆಲಸ ಹಿಡಿದರೆ, ಆ ಹುಡುಗರಿಗೆ ಮೊದಲ ತಿಂಗಳ ಪಾಠ ಅಲ್ಲೇ ಸಿಗುತ್ತದೆ.